ಲಾವೋನ್ ಸ್ಮಾರಕ ಅಡುಗೆಮನೆಗೆ ಲಾವೋನಳ ಸಹಿ

ಎಲ್‌ರಾಯ್ ಕ್ವಾಮೆ ತನ್ನ ಹೆಂಡತಿಯನ್ನು ಕೊಂದದ್ದು ಒಂದು ಶುಕ್ರವಾರ ಬೆಳಗ್ಗೆ, ಕೆಫೆಯಲ್ಲಿ, ಎರಡನೇ ಕಪ್ ಕಾಫಿ ಆರುವ ಮೊದಲು. ಕೊಲ್ಲಬೇಕು ಅಂತ ಮನೆಯಿಂದ ಹೊರಟವನಲ್ಲ, ಪಾಪ. ಬಾಯಿಗೆ ಬಂತು, ಆಡಿಬಿಟ್ಟ.

ಅದಕ್ಕೂ ಏಳು ವರ್ಷ ಮೊದಲು ಲಾವೋನ್ ಒಂದು ಸೂಟ್‌ಕೇಸ್ ಹಿಡಿದು ಫಾರ್ಗೋ ನಗರದ ಬಸ್ಸು ಹತ್ತಿದ್ದಳು. ಹದಿನಾರು ವರ್ಷದ ಸಂಸಾರದಲ್ಲಿ ಎಲ್‌ರಾಯ್ ಅವಳನ್ನು ಹೊಡೆದವನಲ್ಲ, ಬೈದವನಲ್ಲ, ಮಾತಾಡಿಸಿದವನೂ ಅಲ್ಲ. ಹಳ್ಳಿ ರಸ್ತೆಗಳಲ್ಲಿ ಟಪಾಲು ಹಂಚಿ ಬಂದು, ಬೂಟು ಬಿಚ್ಚಿ, ಟಿವಿ ಮುಂದೆ ಕೂತರೆ ಮುಗಿಯಿತು. ಅವಳು ಹೋದದ್ದು ಅವನಿಗೆ ತಿಳಿದದ್ದು ಊಟದ ಹೊತ್ತಿಗೆ. ಮರುದಿನ ಕೆಫೆಯಲ್ಲಿ ಜನ ಕೇಳುವ ಮೊದಲೇ, "ಫಾರ್ಗೋದಲ್ಲಿ ಅವಳಕ್ಕ ಬಿದ್ದು ಸೊಂಟ ಮುರ್ಕೊಂಡಿದ್ದಾಳೆ, ನೋಡ್ಕೊಳ್ಳೋಕೆ ಹೋಗಿದ್ದಾಳೆ" ಎಂದ. ವಿಚ್ಛೇದನದ ಮಾತನ್ನು ಇಬ್ಬರೂ ಎತ್ತಲಿಲ್ಲ. ವಕೀಲನಿಗೆ ದುಡ್ಡು ಕೊಡುವಷ್ಟು ದ್ವೇಷ ಇಬ್ಬರಿಗೂ ಇರಲಿಲ್ಲ.

ಆ ಸೊಂಟ ಏಳು ವರ್ಷ ಬಾಳಿತು. ಪ್ರತಿ ಶುಕ್ರವಾರ ಎಲ್‌ರಾಯ್ ಅದರ ಸಮಾಚಾರ ಒಪ್ಪಿಸುತ್ತಿದ್ದ. ಈ ವಾರ ಸ್ವಲ್ಪ ಸುಧಾರಿಸಿದೆ, ಚಳಿಗೆ ಮತ್ತೆ ಹಿಡ್ಕೊಂಡಿದೆ, ಡಾಕ್ಟರು ಬದಲಾದ್ರು. ನನ್ನಜ್ಜಿಯ ಕಥೆಗಳಲ್ಲಿ ಬೆಟ್ಟದ ರಾಕ್ಷಸನ ಗಾಯ ಕೂಡ ಏಳು ವರ್ಷಕ್ಕೆ ಮಾಯುತ್ತದೆ. ಕೊನೆಗೊಂದು ದಿನ, ದವಸದ ಗೋದಾಮಿನ ವೆಂಡೆಲ್ ತಡೆಯಲಾರದೆ ಕೇಳಿದ.

"ಏನಯ್ಯಾ ಎಲ್‌ರಾಯ್, ಆ ಸೊಂಟ ಇನ್ನೂ ಕೂಡ್ಕೊಂಡಿಲ್ವಾ? ನನ್ನ ಟ್ರಾಕ್ಟರಿನ ಅಚ್ಚು ಮುರಿದು ಎರಡು ಸಲ ಬೆಸುಗೆ ಹಾಕ್ಸಿ ಆಯ್ತು."

"ಲಾವೋನ್ ತೀರ್ಕೊಂಡ್ಳು," ಎಂದ ಎಲ್‌ರಾಯ್.

"ಯಾವಾಗ?"

"ನಿನ್ನೆ."

"ಅಯ್ಯೋ. ಮಣ್ಣು ಯಾವತ್ತು?"

"ಅದೂ ನಿನ್ನೆನೇ."

"ನಿನ್ನೆ ಸತ್ತು ನಿನ್ನೆನೇ ಮಣ್ಣಾ?"

"ಫಾರ್ಗೋದಲ್ಲಿ ಎಲ್ಲಾ ಬೇಗ."

ನಮ್ಮ ನಾರ್ಡಾಲ್‌ನಲ್ಲಿ ಯಾರೂ ಯಾರನ್ನೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಪಕ್ಕದ ಮನೆ ಹತ್ತಿ ಉರಿಯುತ್ತಿದ್ದರೂ "ಇವತ್ತು ಸ್ವಲ್ಪ ಬೆಚ್ಚಗಿದೆ ಅಲ್ವಾ" ಎನ್ನುವ ಜನ. ವೆಂಡೆಲ್ ಅವತ್ತು ಒಟ್ಟು ನಾಲ್ಕು ಪ್ರಶ್ನೆ ಕೇಳಿದ್ದ. ತಪ್ಪಾಯಿತೆಂದು ಎಲ್‌ರಾಯ್‌ನ ಕಾಫಿಗೂ ತಾನೇ ದುಡ್ಡು ಕೊಟ್ಟು ತಲೆ ತಗ್ಗಿಸಿ ಹೋದ. ಸಂಜೆಯೊಳಗೆ ಎಲ್‌ರಾಯ್‌ನ ಬಾಗಿಲಲ್ಲಿ ಹನ್ನೊಂದು ಹಾಟ್‌ಡಿಶ್. ಸಾವಿನ ಮನೆಗೆ ನಾವು ಕೊಂಡೊಯ್ಯುವುದು ಅದನ್ನೇ: ಕೊಚ್ಚಿದ ಮಾಂಸ, ಡಬ್ಬಿ ಸೂಪು, ಮೇಲೆ ಆಲೂಗಡ್ಡೆಯ ಉಂಡೆ, ಎಲ್ಲ ಸೇರಿಸಿ ಒಲೆಯಲ್ಲಿ ಬೇಯಿಸಿದ್ದು. ಎಲ್‌ರಾಯ್ ಆರು ವಾರ ಹೆಂಡತಿಯ ಸಾವನ್ನು ಬಿಸಿ ಮಾಡಿಕೊಂಡು ಉಂಡ.

ವಿಧುರನಾದ ಮೇಲೆ ಅವನಿಗೆ ಊರಲ್ಲಿ ಒಂದು ಬೆಲೆ ಬಂತು. ಚರ್ಚಿನಲ್ಲಿ ಎರಡನೇ ಸಾಲಿನಲ್ಲಿ ಜಾಗ ಬಂತು. ಹೆಂಗಸರು ಅವನಿಗೆಂದು ಪೈ ತುಂಡು ಎತ್ತಿಡತೊಡಗಿದರು. ಹೀಗೆ ಹನ್ನೆರಡು ವರ್ಷ ಸುಖವಾಗಿ ಕಳೆದು, ಮೂವತ್ತೊಂದು ವರ್ಷದ ಸರ್ಕಾರಿ ಸೇವೆ ಮುಗಿಸಿ ಎಲ್‌ರಾಯ್ ನಿವೃತ್ತನಾದ. ಚರ್ಚಿನ ನೆಲಮಾಳಿಗೆಯಲ್ಲಿ ಬೀಳ್ಕೊಡುಗೆ ನಡೆಯಿತು. ಟಪಾಲು ಪೆಟ್ಟಿಗೆಯ ಆಕಾರದ ಕೇಕು ತಂದಿದ್ದರು. ನನ್ನಜ್ಜಿ ಡಾರ್ಲಿಸ್ ಎದ್ದು, "ಎಲ್‌ರಾಯ್, ಎರಡು ಮಾತಾಡು" ಎಂದಳು. ನನ್ನಜ್ಜಿ ಅಂದರೆ ಬ್ಯಾಂಕಿನಲ್ಲಿ ಕ್ಯಾಷಿಯರು, ಊರಿಗೆ ನೋಟರಿ, ಚರ್ಚಿನ ಅಡುಗೆಮನೆಗೆ ಮಹಾರಾಣಿ. ಅವಳು ಹೇಳಿದ ಮೇಲೆ ಮಾತಾಡಲೇಬೇಕು.

ಎಲ್‌ರಾಯ್ ನಿಂತ. ಜೀವಮಾನದಲ್ಲಿ ಅಷ್ಟು ಜನ ಒಟ್ಟಿಗೆ ಅವನ ಮುಖ ನೋಡಿರಲಿಲ್ಲ. ತಲೆ ತಿರುಗಿತು.

"ಲಾವೋನ್ ನೆನಪಿಗೆ," ಎಂದ, "ಈ ಚರ್ಚಿಗೆ ಹೊಸ ಅಡುಗೆಮನೆ ಕಟ್ಟಿಸ್ಕೊಡ್ತೀನಿ. ಪೂರ್ತಿ ಖರ್ಚು ನಂದೇ."

ಚಪ್ಪಾಳೆ ಬಿತ್ತು. ನಾರ್ಡಾಲ್‌ನಲ್ಲಿ ಚಪ್ಪಾಳೆ ಎಂದರೆ ಬೇರೆ ಊರಲ್ಲಿ ಹೆಗಲ ಮೇಲೆ ಹೊತ್ತು ಮೆರವಣಿಗೆ ಮಾಡಿದಂತೆ. ಆ ವಾರವೇ ಗಂಡಸರೆಲ್ಲ ಹಾರೆ ಸುತ್ತಿಗೆ ಹಿಡಿದು ಬಂದು ಹಳೆಯ ಅಡುಗೆಮನೆಯನ್ನು ಕಿತ್ತರು. ಒಲೆ ಹೋಯಿತು, ಸಿಂಕು ಹೋಯಿತು, ಕಪಾಟುಗಳು ಹೋದವು. ಬಡಗಿ ನಲವತ್ತು ಸಾವಿರ ಡಾಲರ್ ಅಂದಾಜು ಬರೆದುಕೊಟ್ಟ. ಎಲ್‌ರಾಯ್ ಅದನ್ನು ಮಡಚಿ ಜೇಬಿಗಿಟ್ಟು, ಸರ್ಕಾರಿ ನೌಕರರ ನಿವೃತ್ತಿ ಉಳಿತಾಯದಿಂದ ಹಣ ತೆಗೆಯುವ ಫಾರಂ ತರಿಸಿಕೊಂಡ. ಆಗಿನ್ನೂ ಎಲ್ಲ ಕಾಗದದಲ್ಲೇ.

ಎರಡನೇ ಪುಟದಲ್ಲಿ ಒಂದು ಪ್ರಶ್ನೆ: ನೀವು ವಿವಾಹಿತರೇ?

ಇಲ್ಲಿ ಎಲ್‌ರಾಯ್‌ನ ಸ್ವಭಾವದ ಬಗ್ಗೆ ಒಂದು ಮಾತು ಹೇಳಬೇಕು. ಬಾಯಲ್ಲಿ ಅವನು ಏನು ಬೇಕಾದರೂ ಆಡಿಯಾನು. ಸರ್ಕಾರದ ಕಾಗದದ ಮೇಲೆ ಮಾತ್ರ ಸುಳ್ಳು ಬರೆದವನಲ್ಲ. ಅಂಚೆಚೀಟಿ ಎರಡು ಸೆಂಟ್ ಕಮ್ಮಿಯಿದೆ ಅಂತ ಹೆತ್ತ ತಾಯಿ ಕಳಿಸಿದ ಹುಟ್ಟುಹಬ್ಬದ ಕಾರ್ಡನ್ನು ವಾಪಸು ಕಳಿಸಿದ ಮಹಾನುಭಾವ. ಪೆನ್ನು ಹಿಡಿದು ಅರ್ಧ ಗಂಟೆ ಬೆವರಿದ. ಊರು, ಚರ್ಚು, ಪೈ ತುಂಡು ಎಲ್ಲ ಕಣ್ಮುಂದೆ ಬಂದವು. ಕೊನೆಗೆ 'ಹೌದು' ಎಂಬ ಚೌಕದಲ್ಲಿ ಗುರುತು ಹಾಕಿದ. ಮುಂದಿನ ಪುಟ ತಿರುಗಿಸಿದರೆ: ಹಾಗಾದರೆ ನಿಮ್ಮ ಪತ್ನಿ ನೋಟರಿಯ ಎದುರು ಒಪ್ಪಿಗೆಯ ಸಹಿ ಹಾಕಬೇಕು.

ಹೆಂಡತಿಯ ಸ್ಮಾರಕಕ್ಕೆ ಹೆಂಡತಿಯದೇ ಒಪ್ಪಿಗೆ! ಸಹಾಯವಾಣಿಗೆ ಫೋನು ಮಾಡಿದ.

"ಹೇಳಿ ಸರ್," ಎಂದಳು ಆ ಕಡೆಯ ಹುಡುಗಿ.

"ಹೆಂಡತಿ ಸಹಿ ಹಾಕೋ ಸ್ಥಿತೀಲಿ ಇಲ್ದೇ ಇದ್ರೆ?"

"ತೀರಿಕೊಂಡಿದ್ದಾರಾ ಸರ್?"

"ಹೌದು. ಅಂದ್ರೆ, ಊರಿಗೆ."

"ಅರ್ಥ ಆಗ್ಲಿಲ್ಲ ಸರ್."

"ಊರಿನವರ ಪಾಲಿಗೆ ತೀರ್ಕೊಂಡಿದ್ದಾಳೆ. ನಿಮ್ಮ ಪಾಲಿಗೆ ಇದ್ದಾಳೆ."

ಹುಡುಗಿ ಆ ಕಡೆ ಏನೋ ಪುಟ ತಿರುವಿದಳು. "ಎಲ್ಲಿದ್ದಾರೆ ಅಂತ ನಿಮಗೆ ಗೊತ್ತಿಲ್ವಾ ಸರ್? ಗೊತ್ತಿಲ್ಲ ಅಂದ್ರೆ ಅದಕ್ಕೆ ಬೇರೆ ಅರ್ಜಿ ಇದೆ."

ತಪ್ಪಿಸಿಕೊಳ್ಳಲು ದೇವರೇ ಬಾಗಿಲು ತೆರೆದಿದ್ದ. ಆದರೆ ಟಪಾಲಿನವನಿಗೆ ವಿಳಾಸ ಗೊತ್ತಿಲ್ಲ ಅಂದರೆ ಮಾನ ಉಳಿಯುತ್ತದೆಯೇ?

"ಗೊತ್ತಿಲ್ಲ ಅಂದ್ರೆ ಏನಮ್ಮಾ? ಫಾರ್ಗೋ, ಹನ್ನೆರಡನೇ ಬೀದಿ, ಬೇಕರಿ ಮೇಲಿನ ಮನೆ. ಪಿನ್ ಕೋಡ್ ಬೇಕಾ?"

"ಹಾಗಿದ್ರೆ ಅವರ ಸಹಿ ಬೇಕೇ ಬೇಕು ಸರ್. ಇಲ್ದಿದ್ರೆ ತಿಂಗಳು ತಿಂಗಳು ಬರೋ ಹಾಗೆ ಮಾಡ್ಕೊಳ್ಳಿ. ನಿಮ್ಮ ನಂತರ ಅದರಲ್ಲಿ ಅರ್ಧ ಅವರಿಗೆ ಹೋಗುತ್ತೆ. ಅದಕ್ಕೆ ಅವರ ಒಪ್ಪಿಗೆ ಬೇಡ."

ತಿಂಗಳ ಚಿಲ್ಲರೆಯಲ್ಲಿ ಅಡುಗೆಮನೆ ಏಳುವುದಿಲ್ಲ. ಎಲ್‌ರಾಯ್ ತೊಂಬತ್ತು ಮೈಲಿ ಗಾಡಿ ಓಡಿಸಿಕೊಂಡು ಫಾರ್ಗೋಗೆ ಹೋದ.

ಲಾವೋನ್ ಅಲ್ಲಿ ಒಂದು ದೊಡ್ಡ ಅಂಗಡಿಯೊಳಗಿನ ಊಟದ ಕೌಂಟರಿನಲ್ಲಿ ಸೂಪು ಬಡಿಸುತ್ತಿದ್ದಳು. ತಲೆಗೆ ಕಾಗದದ ಟೋಪಿ. ಕಾಲುಗಳು ಊದಿದ್ದವು.

"ಸೂಪಾ, ಸ್ಯಾಂಡ್‌ವಿಚ್ಚಾ?" ಎಂದಳು ತಲೆಯೆತ್ತದೆ. ಆಮೇಲೆ ಎತ್ತಿದಳು. "ಓ."

"ಹೂಂ," ಎಂದ ಎಲ್‌ರಾಯ್.

ಹತ್ತೊಂಬತ್ತು ವರ್ಷದ ಕುಶಲ ವಿಚಾರಣೆ ಅಷ್ಟಕ್ಕೇ ಮುಗಿಯಿತು. ಅವನು ಫಾರಂ ಮುಂದಿಟ್ಟು, ತೊದಲುತ್ತ ವಿಷಯ ಹೇಳಿದ. ಅವಳು ಸೌಟು ಹಿಡಿದೇ ಕೇಳಿಸಿಕೊಂಡಳು.

"ಸ್ಮಾರಕಾನಾ? ನಾನು ಸತ್ತೆನಾ ಹಾಗಾದ್ರೆ?"

"ಹನ್ನೆರಡು ವರ್ಷ ಆಯ್ತು."

"ಏನಾಗಿತ್ತು ನಂಗೆ?"

"ಅದನ್ನ ಯಾರೂ ಕೇಳ್ಲಿಲ್ಲ."

"ಯಾರೂ ಕೇಳ್ಲಿಲ್ವಾ?" ಸೌಟು ಒಂದು ಕ್ಷಣ ನಿಂತಿತು. "ಡಾರ್ಲಿಸ್? ಅವಳು ಏನು ತಂದ್ಳು?"

"ಹಾಟ್‌ಡಿಶ್ ಬೇರೆಯವರು ತಂದ್ರು. ಅವಳು ಜೆಲ್ಲೋ ತಂದ್ಳು."

"ಜೆಲ್ಲೋ! ಹತ್ತು ವರ್ಷ ಅವಳ ಜೊತೆ ಆ ನೆಲಮಾಳಿಗೇಲಿ ಪಾತ್ರೆ ತಿಕ್ಕಿದ್ದೀನಿ, ಪುಡಿಗೆ ನೀರು ಹುಯ್ದು ತಣ್ಣಗಿಟ್ರೆ ಆಗೋ ಜೆಲ್ಲೋ ತಂದ್ಳಾ? ಯಾವ ಬಣ್ಣದ್ದು?"

"ಹಸಿರು. ಕ್ಯಾರೆಟ್ ತುರಿ ಹಾಕಿತ್ತು."

"ಅದು ನೆಂಟರ ನೆಂಟರು ಸತ್ರೆ ತರೋದು ಕಣೋ!" ಎಂದಳು ಲಾವೋನ್. ಸರದಿಯಲ್ಲಿ ನಿಂತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು.

"ಅರ್ಧ ದುಡ್ಡು ಬೇಕಿದ್ರೆ..." ಎಂದ ಎಲ್‌ರಾಯ್.

"ನಿನ್ನ ದುಡ್ಡು ಯಾರಿಗೆ ಬೇಕು? ಕೇಳಿಲ್ಲಿ. ಭಾನುವಾರ ಚರ್ಚಲ್ಲಿ ಎಲ್ಲರ ಮುಂದೆ ನಿಂತು, ಲಾವೋನ್ ಬದುಕಿದ್ದಾಳೆ ಅನ್ನು. ನಾನು ಕೊನೇ ಬೆಂಚಲ್ಲಿ ಕೂತು ಕೇಳಿಸ್ಕೋತೀನಿ. ಆಮೇಲೆ ಡಾರ್ಲಿಸ್ ಮುಂದೆನೇ ಸಹಿ ಹಾಕ್ತೀನಿ. ಬೇರೆ ನೋಟರಿ ಆಗಲ್ಲ. ನನ್ನ ನೋಡಿ ಅವಳ ಮುಖ ಹೇಗಾಗುತ್ತೆ ಅಂತ ನಾನು ನೋಡ್ಬೇಕು."

ಇದನ್ನು ಹೇಳುವಾಗ ಅವಳ ಮುಖದಲ್ಲಿ ಸಿಟ್ಟಿಗಿಂತ ಆಸೆಯೇ ಹೆಚ್ಚಿತ್ತು ಎಂದು ಎಲ್‌ರಾಯ್ ಆಮೇಲೆ ಹೇಳಿದ. ಹೆಂಡತಿಯ ಮುಖದಲ್ಲಿ ಅವನು ಏನನ್ನಾದರೂ ಗಮನಿಸಿದ್ದು ಅದೇ ಮೊದಲಿರಬೇಕು. ಶನಿವಾರ ಅವಳು ತಲೆಗೂದಲು ಸುರುಳಿ ಮಾಡಿಸಿಕೊಂಡಳಂತೆ.

ಭಾನುವಾರ ಪ್ರಾರ್ಥನೆ ಮುಗಿದು ಪ್ರಕಟಣೆಗಳ ಹೊತ್ತು. ಪಾಸ್ಟರ್ ಟಿಮ್, "ಬೇರೆ ಯಾರಾದರೂ?" ಎಂದರು. ಎಲ್‌ರಾಯ್ ಮುಂದಿನ ಬೆಂಚನ್ನು ಗಟ್ಟಿಯಾಗಿ ಹಿಡಿದು ಎದ್ದುನಿಂತ.

"ಲಾವೋನ್ ಬದುಕಿದ್ದಾಳೆ."

ಪಾಸ್ಟರು ಮೆಲ್ಲಗೆ ಕಣ್ಣು ಮುಚ್ಚಿದರು. "ಹೌದು ಎಲ್‌ರಾಯ್. ಬದುಕಿದ್ದಾಳೆ."

"ಆಮೆನ್," ಎಂದಿತು ಸಭೆ.

"ಅಲ್ಲ ಪಾಸ್ಟರೇ, ನಿಜವಾಗ್ಲೂ ಬದುಕಿದ್ದಾಳೆ!"

"ನಿಜವಾಗಿಯೂ. ಅದೇ ನಮ್ಮ ನಂಬಿಕೆಯ ತಿರುಳು."

"ಫಾರ್ಗೋದಲ್ಲಿದ್ದಾಳೆ!"

"ಎಲ್ಲಿ ಬೇಕಾದ್ರೂ ಇರ್ತಾರಪ್ಪ ಅವರು," ಎಂದ ವೆಂಡೆಲ್, ಮೂಗು ಒರೆಸಿಕೊಳ್ಳುತ್ತ. "ನಮ್ಮಮ್ಮ ಒಂದೊಂದ್ಸಲ ಕೊಟ್ಟಿಗೇಲಿರ್ತಾಳೆ."

"ಸೂಪು ಬಡಿಸ್ತಾಳೆ ಕಣ್ರೋ!"

"ಅವಳದು ಯಾವತ್ತೂ ಬಡಿಸೋ ಕೈಯೇ," ಎಂದು ನನ್ನಜ್ಜಿ ಕರವಸ್ತ್ರ ತೆಗೆದಳು.

ಎಲ್‌ರಾಯ್ ಕೈ ಚಾಚಿ ಹಿಂದಕ್ಕೆ ತೋರಿಸಿದ. "ಇಲ್ಲೇ ಇದ್ದಾಳೆ! ಅಲ್ಲಿ, ಕೊನೇ ಬೆಂಚಲ್ಲಿ, ನೀಲಿ ಕೋಟು ಹಾಕ್ಕೊಂಡು ಕೂತಿದ್ದಾಳೆ, ನೋಡಿ!"

ನೂರಾ ಹದಿನಾಲ್ಕು ತಲೆಗಳಿದ್ದವು. ಒಂದೂ ತಿರುಗಲಿಲ್ಲ.

ಎಲ್‌ರಾಯ್‌ಗೆ ಆಗಲೇ ಹೊಳೆಯಬೇಕಿತ್ತು. ಹಿಂದೆ ಯಾರೂ ಇಲ್ಲ ಎಂದು ನಂಬಿದವರು ಒಂದು ಸಲವಾದರೂ ತಿರುಗಿ ನೋಡುತ್ತಾರೆ. ತಿರುಗದೆ ಕೂತವರು, ಯಾರಿದ್ದಾರೆಂದು ಚೆನ್ನಾಗಿ ಬಲ್ಲವರು.

ಎಲ್ಲರಿಗೂ ಗೊತ್ತಿತ್ತು. ಪ್ರತಿ ಕ್ರಿಸ್‌ಮಸ್‌ಗೆ ಲಾವೋನ್ ಎಲ್‌ರಾಯ್‌ಗೆ ಕಳಿಸುತ್ತಿದ್ದ ಕಾರ್ಡು ಅಂಚೆ ಕಚೇರಿಯಲ್ಲಿ ನಾಲ್ಕು ಕೈ ದಾಟಿ ಬರುತ್ತಿತ್ತು. ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ವೆಂಡೆಲ್ ಅವಳನ್ನು ರಸ್ತೆಯಲ್ಲಿ ಕಂಡಿದ್ದ. ಹಾಟ್‌ಡಿಶ್ ತಟ್ಟೆಗಳು ತೊಳೆದು ವಾಪಸಾಗುವುದರೊಳಗೆ ಊರಿಗೆಲ್ಲ ವಿಷಯ ತಿಳಿದಿತ್ತು. ಹೇಳಲಿಲ್ಲ ಅಷ್ಟೆ. ಮೊದಮೊದಲು ಎಲ್‌ರಾಯ್‌ನ ಮುಖ ಉಳಿಸಲೆಂದು. ಆಮೇಲೆ ತಮ್ಮದನ್ನೇ ಉಳಿಸಿಕೊಳ್ಳಲೆಂದು. ಅವಳು ಬದುಕಿದ್ದಾಳೆ ಎಂದರೆ, ತೊಂಬತ್ತು ಮೈಲಿ ದೂರದಲ್ಲಿದ್ದವಳನ್ನು ಒಮ್ಮೆಯೂ ಯಾಕೆ ಹೋಗಿ ನೋಡಲಿಲ್ಲ ಎಂಬುದಕ್ಕೆ ಉತ್ತರ ಬೇಕಲ್ಲ? ಸತ್ತವರನ್ನು ನೋಡಲು ಹೋಗದಿದ್ದರೆ ಯಾರೂ ತಪ್ಪು ಹೇಳುವುದಿಲ್ಲ.

ಪಾಸ್ಟರು ಕೊನೆಯ ಹಾಡು ಎತ್ತಿಕೊಂಡರು. ಅವತ್ತಿನಷ್ಟು ಜೋರಾಗಿ ನಮ್ಮವರು ಎಂದೂ ಹಾಡಿರಲಿಲ್ಲ.

ನೆಲಮಾಳಿಗೆಯಲ್ಲಿ ಅಡುಗೆಮನೆಯಿದ್ದ ಕಡೆ ಬರೀ ಗೋಡೆ, ಗೋಡೆಯಿಂದ ಚಾಚಿದ ಕೊಳವೆಗಳು. ಟೇಬಲ್ ಟೆನ್ನಿಸ್ ಮೇಜಿನ ಮೇಲೆ ಕಾಫಿ ಇಟ್ಟಿದ್ದರು. ಲಾವೋನ್ ಒಬ್ಬಳೇ ಮೆಟ್ಟಿಲಿಳಿದು ಬಂದಳು. ನನ್ನಜ್ಜಿ ಎದುರು ಹೋದಳು.

"ಬನ್ನಿ ಬನ್ನಿ. ಹೊಸಬರಾ? ದೂರದಿಂದ ಬಂದ್ರಾ?"

ಹೀಗೆಂದವಳೇ 'ಅತಿಥಿ' ಎಂದು ಬರೆದ ಅಂಟುಚೀಟಿಯನ್ನು ಲಾವೋನಳ ನೀಲಿ ಕೋಟಿನ ಎದೆಗೆ ಅಂಟಿಸಿ, ಅಂಗೈಯಿಂದ ಒತ್ತಿದಳು.

"ಡಾರ್ಲಿಸ್, ನಾನು ಕಣೇ."

"ಕಾಫಿ ತಗೊಳ್ಳಿ," ಎಂದಳು ನನ್ನಜ್ಜಿ. ಹೇಗೆ ಬೇಕು ಎಂದು ಕೇಳಲಿಲ್ಲ. ಕಪ್ಪಿಗೆ ಒಂದೇ ತೊಟ್ಟು ಹಾಲು ಬಿಟ್ಟು, ಎರಡು ಸಕ್ಕರೆ ತುಂಡು ಹಾಕಿ, ತಟ್ಟೆಯಲ್ಲಿ ಇನ್ನೊಂದು ತುಂಡು ಇಟ್ಟು ಕೊಟ್ಟಳು. ಲಾವೋನ್ ಕುಡಿಯುತ್ತಿದ್ದದ್ದೇ ಹಾಗೆ. ಲಾವೋನ್ ಆ ತಟ್ಟೆಯಲ್ಲಿನ ಸಕ್ಕರೆಯನ್ನು ತುಂಬ ಹೊತ್ತು ನೋಡಿದಳು.

ಎಲ್‌ರಾಯ್ ಫಾರಂ ಹಿಡಿದು ನಡುವೆ ನುಗ್ಗಿದ. "ಡಾರ್ಲಿಸ್, ಇದೊಂದು ಸಹಿ, ನೋಟರಿ ಆಗ್ಬೇಕಿತ್ತು."

ನನ್ನಜ್ಜಿಯ ಕೈಚೀಲದಲ್ಲಿ ಮೊಹರು ಸದಾ ಇರುತ್ತಿತ್ತು. ಕಾಫಿ ಜಗ್ಗು ಪಕ್ಕಕ್ಕೆ ಸರಿಸಿ, ಕನ್ನಡಕ ಹಾಕಿಕೊಂಡು, ದಾಖಲೆ ಪುಸ್ತಕ ತೆರೆದಳು. ಇನ್ನು ಅವಳು ಡಾರ್ಲಿಸ್ ಅಲ್ಲ, ರಾಜ್ಯದ ಅಧಿಕಾರಿ.

"ಗುರುತಿನ ಚೀಟಿ."

ಲಾವೋನ್ ಡ್ರೈವಿಂಗ್ ಲೈಸೆನ್ಸ್ ಕೊಟ್ಟಳು. ಅಜ್ಜಿ ಅದನ್ನು ನೋಡಿದಳು, ಮುಖ ನೋಡಿದಳು. ಗಟ್ಟಿಯಾಗಿ ಓದಿದಳು: "ಲಾವೋನ್ ಕ್ವಾಮೆ." ನೆಲಮಾಳಿಗೆಯಲ್ಲಿ ಕಪ್ಪುಗಳ ಸದ್ದು ನಿಂತಿತು. "ನೀವೇನಾ?"

"ನಾನೇನಾ ಅಂತ ನೀನೇ ಹೇಳು."

"ನಾನು ಹೇಳೋ ಹಾಗಿಲ್ಲ. ನೀವೇ ಹೇಳ್ಬೇಕು. ನಿಯಮ."

"ಹೌದು. ನಾನೇ."

"ಸ್ವಂತ ಇಷ್ಟದಿಂದ ಸಹಿ ಹಾಕ್ತಿದ್ದೀರಾ? ಯಾರ ಬಲವಂತಾನೂ ಇಲ್ವಲ್ಲ?"

ಲಾವೋನ್ ಪೆನ್ನು ಎತ್ತಿಕೊಂಡಳು. ಎಲ್‌ರಾಯ್ ಉಸಿರು ಹಿಡಿದ. ವೆಂಡೆಲ್ ಉಸಿರು ಹಿಡಿದ. ಗೋಡೆಯಿಂದ ಚಾಚಿದ ಕೊಳವೆಗಳೂ ಉಸಿರು ಹಿಡಿದಂತೆ ಕಂಡವು. ಪೆನ್ನಿನ ತುದಿ ಕಾಗದ ಮುಟ್ಟುವಷ್ಟರಲ್ಲಿ ಲಾವೋನ್ ತಲೆಯೆತ್ತದೆ ಕೇಳಿದಳು.

"ಸೂಪು ಹೇಗಿತ್ತು ಡಾರ್ಲಿಸ್?"

"ಉಪ್ಪು ಸ್ವಲ್ಪ ಕಮ್ಮಿ," ಎಂದಳು ನನ್ನಜ್ಜಿ.

ಅಡುಗೆಯ ವಿಷಯದಲ್ಲಿ ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮಾತು ಹೊರಬಿದ್ದ ಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ನನ್ನ ಕೌಂಟರಿಗೆ ಎರಡು ಸಲ ಬಂದಿದ್ದೆ ನೀನು," ಎಂದಳು ಲಾವೋನ್. ಸಿಟ್ಟಿರಲಿಲ್ಲ ಸ್ವರದಲ್ಲಿ. "ನನ್ನ ಕೈಯಿಂದಲೇ ಬಟ್ಟಲು ತಗೊಂಡೆ. ತಲೆ ಮೇಲೆ ಟೋಪಿ ಇತ್ತಲ್ಲ, ಗುರುತು ಹತ್ತಲಿಲ್ಲ ಪಾಪ ಅಂದ್ಕೊಂಡೆ. ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ."

ಲಾವೋನ್ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. ಎದೆಯ ಮೇಲಿನ ಚೀಟಿಯನ್ನು ಬೆರಳಿಂದ ತೋರಿಸಿದಳು.

"ನಾನಿಲ್ಲಿ ಅತಿಥಿ. ಗುರುತು ಪರಿಚಯ ಇಲ್ದವರ ದುಡ್ಡಿನ ಕಾಗದಕ್ಕೆ ನಾನು ಸಹಿ ಹಾಕೋದಿಲ್ಲ. ಅದು ನನ್ನ ನಿಯಮ."

ಎಲ್‌ರಾಯ್ ಮೆಟ್ಟಿಲವರೆಗೂ ಹಿಂದೆ ಓಡಿದ. "ಲಾವೋನ್! ನಾನು ಹೇಳಿದ್ನಲ್ಲ! ಎಲ್ಲರ ಮುಂದೆ ಹೇಳಿದ್ನಲ್ಲ!"

"ಹೇಳಿದೆ, ಎಲ್‌ರಾಯ್. ನನ್ನ ಬಗ್ಗೆ ನೀನು ಅಷ್ಟುದ್ದ ಮಾತಾಡಿದ್ದು ಇದೇ ಮೊದಲು."

ಕಾಫಿ ಹಾಗೇ ಉಳಿಯಿತು. ಯಾರೋ ಒಬ್ಬರು ಈ ವರ್ಷ ಗೋಧಿ ಬೆಳೆ ಪರವಾಗಿಲ್ಲ ಎಂದರು. ಮತ್ತೊಬ್ಬರು ಹೌದು ಪರವಾಗಿಲ್ಲ ಎಂದರು.

ಆಮೇಲೆ ಎಲ್‌ರಾಯ್ ತಿಂಗಳು ತಿಂಗಳು ಹಣ ಬರುವ ಕಾಗದಕ್ಕೇ ಸಹಿ ಹಾಕಿದ. ಅಡುಗೆಮನೆಯ ಹಣ ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ. "ಸರ್ಕಾರದ ಕೆಲಸ, ನಿಧಾನ," ಎಂದು ತಾವೇ ಅವನ ಪರವಾಗಿ ಹೇಳಿಕೊಂಡು, ನಾಲ್ಕು ವರ್ಷ ಪ್ಯಾನ್‌ಕೇಕ್ ಮಾರಿ ತಾವೇ ಕಟ್ಟಿಕೊಂಡರು. ಎರಡನೇ ಸಾಲಿನ ಜಾಗವೂ ಅವನಿಗೆ ಉಳಿಯಿತು. ಆದರೆ ಅಲ್ಲಿ ಕೂತಾಗ ತನ್ನ ಬೆನ್ನನ್ನು ಯಾರೋ ನೋಡುತ್ತಿದ್ದಾರೆ ಅನ್ನಿಸುತ್ತದೆಂದು ಅವನು ಗೋಡೆ ಪಕ್ಕಕ್ಕೆ ಸರಿದು ಕೂರತೊಡಗಿದ. ಅಜ್ಜಿಯನ್ನು ನಾನೊಮ್ಮೆ ಕೇಳಿದೆ, ಆ ಭಾನುವಾರದ ಪುಟದಲ್ಲಿ ಏನು ಬರೆದೆ ಎಂದು. "ಸಹಿ ಆಗ್ಲಿಲ್ಲ, ಮೊಹರು ಬೀಳ್ಲಿಲ್ಲ," ಎಂದಳು. "ದಾಖಲೆ ಪ್ರಕಾರ ಅವತ್ತು ಯಾರೂ ಬಂದಿರಲಿಲ್ಲ."

ಎಲ್‌ರಾಯ್ ಐದನೇ ವರ್ಷ, ಹಿಮ ಎತ್ತುವಾಗ ಎದೆ ಹಿಡಿದುಕೊಂಡು ಹೋದ. ಊರೆಲ್ಲ ಸೇರಿ ಮಣ್ಣು ಮಾಡಿತು. ಫಾರ್ಗೋಗೆ ಯಾರೂ ತಿಳಿಸಲಿಲ್ಲ.

ಮುಂದಿನ ಚಳಿಗಾಲ ನಾನು ಕೆಲಸದ ಮೇಲೆ ಫಾರ್ಗೋಗೆ ಹೋದವಳು, ಬೇಕೆಂದೇ ಆ ಕೌಂಟರಿನಲ್ಲಿ ಕೂತೆ. ಬೇರೆ ಗಿರಾಕಿಗಳಿರಲಿಲ್ಲ. ಲಾವೋನ್ ಒಂದು ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ವಾರಕ್ಕೆ ಮೂರು ದಿನ ಮಾತ್ರ ಬರುತ್ತೇನೆ ಎಂದಳು.

"ಈಗ ತಿಂಗಳಿಗೆ ಸ್ವಲ್ಪ ದುಡ್ಡು ಬರುತ್ತೆ. ಗಂಡ ಹೋದ್ನಲ್ಲ."

"ಅಯ್ಯೋ, ಗೊತ್ತಿರಲಿಲ್ಲ," ಎಂದೆ.

"ನಂಗೂ ಗೊತ್ತಿರಲಿಲ್ಲ. ಸರ್ಕಾರದವರು ಕಾಗದ ಬರೆದು ತಿಳಿಸಿದ್ರು. 'ನಿಮ್ಮ ಪತಿಯ ಅಗಲಿಕೆಗೆ ನಮ್ಮ ಸಂತಾಪ' ಅಂತ ಮೇಲುಗಡೆ ಅಚ್ಚು ಹಾಕಿತ್ತು." ಅವಳು ಸೂಪಿನ ಬಟ್ಟಲನ್ನು ನನ್ನ ಮುಂದಿಟ್ಟು, ಮುಖವನ್ನು ದಿಟ್ಟಿಸಿದಳು. ನನಗೆ ಅಜ್ಜಿಯದೇ ಗದ್ದ ಎಂದು ಎಲ್ಲರೂ ಹೇಳುತ್ತಾರೆ.

"ನೀನು ನಾರ್ಡಾಲ್ ಕಡೆಯವಳಾ ಮಗಳೇ?"

"ಅಲ್ಲ," ಎಂದೆ.